ವಿಜಯಪುರದ ನೀರು, ಅನ್ನ ಮತ್ತು ಅಕ್ಷರ

(ಮಹೋತ್ಸವದ ಉಪನ್ಯಾಸಮಾಲೆಯಲ್ಲಿ ಕೊಟ್ಟ ಉಪನ್ಯಾಸ)



ವಿಜಯಪುರವೆಂದ ಕೂಡಲೆ ಕೇಳಿದವರ ಕಣ್ಣೆದುರಿಗೆ ಮೊದಲು ಬಂದು ನಿಲ್ಲುವದು ಗೋಲಗುಮ್ಮಟವು. ಅದು ಸಹಜವೇ ಸರಿ. ಕ್ರಿ. ಶ. ೧೬೫೬ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಹನ ಸಮಾಧಿಯ ಮೇಲೆ ಕವಿದಿರುವ ಆ ಗುಮ್ಮಟವು ಹೊರಗಿನ ಅಳತೆಯಲ್ಲಿ ೧೪೪ ಅಡಿ ಅಡ್ಡಗಲವುಳ್ಳದ್ದು. ಅದರ ಕೆಳಗಿನ ಒಂದೇ ಕೋಣೆಯು ೧೮,೦೦೦ ಚದರ ಅಡಿಗೂ ಮಿಕ್ಕಿದ ನೆಲವನ್ನು, ನಡುವೆ ಒಂದು ಕಂಬವೂ ಇಲ್ಲದೆ, ಒಳಗೊಂಡಿದೆ. ಒಂದನ್ನೊಂದು ಹೆಣೆದುಕೊಂಡ ಎಂಟು ಕಮಾನುಗಳು ಆ ಮಹಾಭಾರವನ್ನು ಹೊತ್ತು ಗೋಡೆಗಳಿಗೆ ಇಳಿಸುತ್ತವೆ. ಮೇಲಿನ ಮೊಗಸಾಲೆಯಲ್ಲಿ ಒಬ್ಬನು ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಎದುರಿನ ಮಗ್ಗುಲಲ್ಲಿ ನಿಂತವನಿಗೆ ಅದು ಸ್ಪಷ್ಟವಾಗಿ ಕೇಳುವದು. ಒಂದು ಚಪ್ಪಾಳೆಯು ಹಲವು ಸಲ ಮರುದನಿಗೊಳ್ಳುವದು.

ದೂರದಿಂದ ಬಂದ ಪ್ರವಾಸಿಕನು ಮುಂಜಾನೆ ಈ ಗುಮ್ಮಟವನ್ನು ನೋಡುವನು. ಆ ಬಳಿಕ ಟಾಂಗಾದಲ್ಲಿ ಕುಳಿತು ಇಬ್ರಾಹಿಮ ರೋಜಾಕ್ಕೆ ಹೋಗುವನು. ಬುರುಜಿನ ಮೇಲಿರುವ ಮಲಿಕ-ಇ-ಮೈದಾನ ತೋಪನ್ನು ಮುಟ್ಟಿ ನೋಡಿ, ಬಾರಾ ಕಮಾನಿನ ಅರೆಗಟ್ಟಿದ ಕಮಾನುಗಳ ನೆರಳಿನಲ್ಲಿ ತುಸು ಹೊತ್ತು ದಣಿವಾರಿಸಿಕೊಂಡು, ಸಂಜೆಯ ಗಾಡಿಗೆ ಹೊರಟು ಹೋಗುವನು. ಅವನು ನೋಡಿದ್ದೆಲ್ಲವೂ ನೋಡತಕ್ಕದ್ದೇ. ಆದರೆ ಅವನು ಹೆಚ್ಚಾಗಿ ನೋಡಿದ್ದು ಸತ್ತವರ ಮನೆಗಳನ್ನು. ಬದುಕಿದವರು ಇಲ್ಲಿ ಹೇಗೆ ಬದುಕಿದರೆಂಬುದನ್ನು ಗುಮ್ಮಟವು ಹೇಳಲಾರದು. ಒಂದು ನಗರದ ಜೀವವನ್ನು ಅರಿಯಬೇಕಾದರೆ ಬೇರೆ ಮೂರು ಪ್ರಶ್ನೆಗಳನ್ನು ಕೇಳಬೇಕು: ಇಲ್ಲಿಯ ಜನರು ಯಾವ ನೀರು ಕುಡಿದರು? ಏನು ಉಂಡರು? ಯಾವ ಅಕ್ಷರವನ್ನು ಕಾಯ್ದರು? ಈ ಹೊತ್ತಿನ ವಿಷಯವು ಇಷ್ಟೇ.

ಮೊದಲು ನೆಲದ ಮಾತು. ವಿಜಯಪುರವು ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ಈ ಎರಡು ನದಿಗಳ ನಡುವಿನ ಬಯಲಿನಲ್ಲಿದೆ. ಆದರೆ ಇವುಗಳಲ್ಲಿ ಯಾವ ನದಿಯೂ ಊರಿನ ಸಮೀಪದಲ್ಲಿಲ್ಲ. ಡೋಣಿಯೆಂಬ ಹೊಳೆಯು ಜಿಲ್ಲೆಯ ನಡುವೆ ಹರಿಯುವದಾದರೂ ಅದರ ನೀರಿನಲ್ಲಿ ಉಪ್ಪಿನ ಅಂಶವುಂಟು. ವರ್ಷದ ಮಳೆಯು ಸರಾಸರಿ ೨೨ರಿಂದ ೨೪ ಅಂಗುಲ ಮಾತ್ರ. ಅದೂ ನೆಚ್ಚಲು ಬಾರದ್ದು. ಇಂಥ ನೆಲದ ಮೇಲೆ ಹತ್ತಾರು ಸಹಸ್ರ ಜನರ ರಾಜಧಾನಿಯು ಇನ್ನೂರು ವರ್ಷ ಬಾಳಿತೆಂಬುದೇ ಗುಮ್ಮಟಕ್ಕಿಂತ ದೊಡ್ಡ ಆಶ್ಚರ್ಯವು.

ಊರಿನ ಹೆಸರು ಆದಿಲಶಹರಿಗಿಂತ ಹಳೆಯದು. ಕಲ್ಯಾಣದ ಚಾಲುಕ್ಯರ ಕಾಲಕ್ಕಾಗಲೇ ಇದು ವಿಜಯಪುರವಾಗಿತ್ತು. ಅರಕಿಲ್ಲೆಯೊಳಗಿನ ಕರೀಮುದ್ದೀನನ ಮಸೀದಿಯು ಕ್ರಿ. ಶ. ೧೩೨೦ರದು, ಹಳೆಯ ದೇವಾಲಯಗಳ ಕಂಬಗಳೇ ಅದರ ಕಂಬಗಳು. ಅದರಲ್ಲಿ ದುಡಿದವನು ಇಂಡಿಯ ಸೀಮೆಯ ಸಾಲೋಟಗಿಯ ಒಬ್ಬ ಬಡಿಗನೆಂದು ಅಲ್ಲಿಯ ಬರಹವು ತಿಳಿಸುವದು. ಯೂಸುಫ ಆದಿಲಖಾನನು ೧೪೮೯ರ ಸುಮಾರಿಗೆ ಬಹಮನಿ ರಾಜ್ಯದಿಂದ ಬೇರೆಯಾಗಿ ಇಲ್ಲಿ ತನ್ನ ಗಾದಿಯನ್ನು ಸ್ಥಾಪಿಸಿದನು. ಮೊದಲನೆಯ ಅಲಿ ಆದಿಲಶಹನ (೧೫೫೮–೧೫೮೦) ಕಾಲದಲ್ಲಿ ಆರು ಮೈಲಿಗೂ ಮಿಗಿಲಾದ ಸುತ್ತಳತೆಯ ಕೋಟೆಗೋಡೆಯು ೯೬ ಬುರುಜುಗಳೊಡನೆ ಎದ್ದು ನಿಂತಿತು. ಆದರೆ ಗೋಡೆಯನ್ನು ಕಟ್ಟಿದ ಮಾತ್ರಕ್ಕೆ ನಗರವಾಗದು. ಗೋಡೆಯ ಒಳಗಿದ್ದವರು ನೀರಡಿಸಿದರೆ ವೈರಿಯೇ ಬೇಕಿಲ್ಲ. ಇದನ್ನು ಆ ಅರಸರು ಚೆನ್ನಾಗಿ ಬಲ್ಲರು.

ನಗರದ ಪಶ್ಚಿಮಕ್ಕೆ ಮೂರು ನಾಲ್ಕು ಮೈಲು ದೂರದಲ್ಲಿ ತೊರವಿಯೆಂಬ ಗ್ರಾಮವಿದೆ. ಅಲ್ಲಿಯ ತಗ್ಗಿನಲ್ಲಿ ಕೂಡಿದ ನೀರನ್ನು ನೆಲದೊಳಗಿನ ಸುರಂಗದ ಮೂಲಕ ಊರಿಗೆ ತಂದರು. ಪಾರಸಿಗರು ಕಾರೇಜ್ ಎಂದು ಕರೆಯುವ ವಿದ್ಯೆಯಿದು. ಸುರಂಗವನ್ನು ಬಹು ಸಣ್ಣ ಇಳಿಜಾರಿನಲ್ಲಿ ಕೊರೆಯುವರು. ನೀರು ತನ್ನ ಭಾರದಿಂದಲೇ ಮೆಲ್ಲಗೆ ಮುಂದೆ ಸಾಗುವದು. ಎತ್ತು ಬೇಡ, ಯಂತ್ರ ಬೇಡ. ನಡುನಡುವೆ ನೆಲದ ಮೇಲಿನಿಂದ ಸುರಂಗದವರೆಗೆ ಬಾವಿಯಂಥ ಕಂಡಿಗಳನ್ನು ಇಳಿಸಿರುವರು. ಅಗೆಯುವಾಗ ಮಣ್ಣನ್ನು ಮೇಲೆತ್ತಲಿಕ್ಕೂ, ಒಳಗೆ ಗಾಳಿಯಾಡಲಿಕ್ಕೂ, ಮುಂದೆ ಹೂಳು ತೆಗೆಯುವವನು ಇಳಿಯಲಿಕ್ಕೂ ಅವು ಬೇಕು. ನೀರು ಬಿಸಿಲನ್ನು ಕಾಣದೆ ಬರುವದರಿಂದ ಬೇಸಿಗೆಯಲ್ಲಿ ಆವಿಯಾಗಿ ಹೋಗುವ ನಷ್ಟವಿಲ್ಲ. ವೈರಿಯ ಕಣ್ಣಿಗೂ ಬೀಳದು.

ಮಹಮ್ಮದ ಆದಿಲಶಹನು ೧೬೫೧ರಲ್ಲಿ ಊರಿನ ದಕ್ಷಿಣಕ್ಕೆ ಬೇಗಮ್ ತಲಾಬವನ್ನು ಕಟ್ಟಿಸಿ ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನೀರನ್ನು ತಂದನು. ಕೊಳವೆಗಳು ಒಡೆಯದಂತೆ ಅವುಗಳ ಸುತ್ತ ಗಚ್ಚು ಕಲ್ಲುಗಳ ಕಟ್ಟಡವುಂಟು. ಆದರೂ ದೂರದ ಎತ್ತರದಿಂದ ಇಳಿದುಬರುವ ನೀರಿನ ಒತ್ತಡಕ್ಕೆ ಮಣ್ಣಿನ ಕೊಳವೆಯು ಎಷ್ಟು ದಿನ ತಾಳೀತು? ಅದಕ್ಕಾಗಿ ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಚೌಕಾದ ಗೋಪುರಗಳನ್ನು ಕಟ್ಟಿದರು. ಕೊಳವೆಯ ನೀರು ಗೋಪುರದೊಳಗೆ ಮೇಲೇರಿ ನಿಲ್ಲುವದು. ಅದರ ರಭಸವು ಅಲ್ಲಿ ಶಾಂತವಾಗುವದು. ಕೂಡಿ ಬಂದ ಹೂಳು ಅಡಿಯಲ್ಲಿ ಕುಳ್ಳುವದು. ತಿಳಿನೀರು ಮುಂದಿನ ಕೊಳವೆಗೆ ಇಳಿಯುವದು. ಈ ಗೋಪುರಗಳಲ್ಲಿ ಕೆಲವು ಈಗಲೂ ಬೀದಿಗಳ ನಡುವೆ ನಿಂತಿವೆ. ಅವುಗಳ ಪಕ್ಕದಲ್ಲಿ ದಿನವೂ ಹಾದು ಹೋಗುವವರಲ್ಲಿ ಅನೇಕರಿಗೆ ಅವು ಏತಕ್ಕಾಗಿ ಇದ್ದವೆಂಬುದು ತಿಳಿಯದು.

ಇನ್ನು ಬಾವಡಿಗಳು. ಮೊದಲನೆಯ ಅಲಿಯು ಶಹಾಪುರ ದರವಾಜೆಯ ಹತ್ತಿರ ೧೫೭೯ರಲ್ಲಿ ಕಟ್ಟಿಸಿದ್ದು ಚಾಂದ ಬಾವಡಿ; ಅದಕ್ಕೆ ಅವನ ರಾಣಿಯಾದ ಚಾಂದಬೀಬಿಯ ಹೆಸರು. ಎರಡನೆಯ ಇಬ್ರಾಹಿಮನ ಕಾಲದಲ್ಲಿ, ೧೬೨೦ರಲ್ಲಿ, ಮಕ್ಕಾ ದರವಾಜೆಯ ಸಮೀಪದಲ್ಲಿ ಆದದ್ದು ತಾಜ ಬಾವಡಿ. ಅದಕ್ಕೆ ರಾಣಿ ತಾಜ ಸುಲ್ತಾನಳ ಹೆಸರು. ಎರಡು ಎಂಟುಮೂಲೆಯ ಗೋಪುರಗಳ ನಡುವಿನ ಮಹಾಕಮಾನಿನ ಕೆಳಗೆ ಮೆಟ್ಟಿಲಿಳಿದು ಹೋದರೆ ಇನ್ನೂರು ಅಡಿಗೂ ಮಿಕ್ಕಿದ ಚೌಕಾದ ಜಲರಾಶಿಯು ಕಾಣುವದು. ಆಳವು ಐವತ್ತು ಅಡಿಗೆ ಕಡಿಮೆಯಿಲ್ಲ. ಪೂರ್ವ ಪಶ್ಚಿಮದ ಮಗ್ಗುಲುಗಳಲ್ಲಿ ದಾರಿಕಾರರು ಇಳಿದುಕೊಳ್ಳಲು ಮನೆಗಳಿದ್ದವು. ಈ ಎರಡೂ ಬಾವಡಿಗಳು ಎಲ್ಲಿವೆಯೆಂಬುದನ್ನು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಅವು ಅರಮನೆಯೊಳಗಿಲ್ಲ, ನಗರದ ಬಾಗಿಲಲ್ಲಿವೆ. ಧೂಳು ತುಂಬಿದ ಕಾಲಿನಿಂದ ದ್ವಾರವನ್ನು ದಾಟಿದ ಪರದೇಶಿಗೆ ಊರು ಮೊದಲು ಕೊಡುತ್ತಿದ್ದುದು ನೀರು ಮತ್ತು ನೆರಳು. ಅವನ ಜಾತಿಯೇನು, ಮತವೇನು, ಯಾವ ಕೆಲಸಕ್ಕೆ ಬಂದನೆಂಬ ವಿಚಾರವು ಆ ಬಳಿಕ. ಮಠದ ದ್ವಾರದಲ್ಲಿ ಅರವಟ್ಟಿಗೆಯನ್ನಿಡುವ ಪದ್ಧತಿಯನ್ನು ಬಲ್ಲ ಭಕ್ತರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಇದ್ದೂ ಈ ವ್ಯವಸ್ಥೆಯು ಏಕೆ ಕೆಟ್ಟಿತು? ೧೬೮೬ರಲ್ಲಿ ಔರಂಗಜೇಬನು ನಗರವನ್ನು ಗೆದ್ದನು; ಕೆಲವೇ ವರ್ಷಗಳಲ್ಲಿ ಮಹಾಮಾರಿಯು ಬಂದು ಅಳಿದುಳಿದ ಜನರನ್ನೂ ಒಯ್ದಿತು. ಅನಂತರ ನಿಜಾಮರು, ಪೇಶವೆಯವರು, ಸಾತಾರೆಯ ಅರಸರು, ಇಂಗ್ಲಿಷರು ಹೀಗೆ ಒಡೆಯರು ಬದಲಾದರು. ಗುಮ್ಮಟವನ್ನು ಯಾರೂ ಕೆಡವಲಿಲ್ಲ. ಸುರಂಗವನ್ನೂ ಯಾರೂ ಬೇಕೆಂದು ಕೆಡಿಸಲಿಲ್ಲ. ಆದರೆ ಗುಮ್ಮಟವು ಯಾರ ಸೇವೆಯೂ ಇಲ್ಲದೆ ನೂರಾರು ವರ್ಷ ನಿಲ್ಲಬಲ್ಲದು, ಸುರಂಗವು ಹಾಗಲ್ಲ. ವರ್ಷಕ್ಕೊಮ್ಮೆ ಒಬ್ಬನು ಕಂಡಿಯಲ್ಲಿಳಿದು ಹೂಳು ತೆಗೆಯದಿದ್ದರೆ ಅದು ತಾನಾಗಿಯೇ ಮುಚ್ಚುವದು. ಆ ಒಬ್ಬನ ಕಾಯಕಕ್ಕೆ ಕೂಲಿ ಕೊಡುವ ಕೈ ಇಲ್ಲವಾದ ದಿನವೇ ನಗರವು ನಿಜವಾಗಿ ಸೋತಿತು. ಅರಸರ ಆಸ್ತಿಗೆ ಆಮೇಲೆ ಬಂದ ಬೆಲೆಯನ್ನು ಕೇಳಿದರೆ ನಗುವೂ ಬರುವದು, ದುಃಖವೂ ಆಗುವದು. ೧೫೪೯ರಲ್ಲಿ ಎರಕ ಹೊಯ್ದ, ೫೦ ಟನ್ನಿಗೂ ಮಿಕ್ಕಿದ ತೂಕದ ಮಲಿಕ-ಇ-ಮೈದಾನ ತೋಪನ್ನು ೧೮೫೪ರಲ್ಲಿ ಹರಾಜಿಗಿಟ್ಟಾಗ ಬಂದ ಹೆಚ್ಚಿನ ಸವಾಲು ೧೫೦ ರೂಪಾಯಿ! ಆ ಹರಾಜನ್ನು ಆಮೇಲೆ ರದ್ದುಪಡಿಸಿದ್ದರಿಂದ ತೋಪು ಉಳಿಯಿತು.

ನೀರಿನ ಬೆನ್ನ ಹಿಂದೆಯೇ ಅನ್ನದ ಮಾತು ಬರುವದು. ವಿಜಯಪುರದ ಎರೆಭೂಮಿಯು ಕಪ್ಪು ಬಣ್ಣದ್ದು. ಬೇಸಿಗೆಯಲ್ಲಿ ಬಾಯಿಬಿಟ್ಟು ಬಿರಿಯುವದು, ಮಳೆಯಾದರೆ ನೀರನ್ನು ಕುಡಿದು ಒಡಲಲ್ಲಿ ಇಟ್ಟುಕೊಳ್ಳುವದು. ಮುಂಗಾರಿನಲ್ಲಿ ಹೊಲವನ್ನು ಹರಗಿ ಹದಗೊಳಿಸಿ, ಉತ್ತರಿ ಹಸ್ತ ಮಳೆಗಳ ಕಾಲಕ್ಕೆ ಹಿಂಗಾರಿ ಜೋಳವನ್ನು ಬಿತ್ತುವರು. ಮಳೆಯು ಆ ಬಳಿಕ ನಿಂತುಹೋದರೂ ಜೋಳವು ಹೆದರದು. ಮಣ್ಣಿನೊಳಗಿನ ಹಸಿಯನ್ನೂ ಚಳಿಗಾಲದ ಇಬ್ಬನಿಯನ್ನೂ ನಂಬಿ ಆಳೆತ್ತರ ಬೆಳೆದು, ಶಿವರಾತ್ರಿಯ ಹೊತ್ತಿಗೆ ತೆನೆಯೊಡ್ಡುವದು. ಡೋಣಿಯು ಬೆಳೆದರೆ ಓಣಿಯೆಲ್ಲ ಜೋಳವೆಂಬ ಗಾದೆಯು ಈ ಸೀಮೆಯಲ್ಲಿ ಮನೆಮಾತಾಗಿದೆ. ಇಲ್ಲಿ ಬಹಳ ಕಾಲದಿಂದ ಬೆಳೆಯುತ್ತ ಬಂದ ಮಾಲದಂಡಿ ಜೋಳದಿಂದ ಸೋಲಾಪುರ ಜಿಲ್ಲೆಯ ಮೋಹೋಳದಲ್ಲಿ ೧೯೩೦ರ ದಶಕದಲ್ಲಿ ಆರಿಸಿ ತೆಗೆದ ಎಂ ೩೫-೧ ಎಂಬ ತಳಿಯು ಎಷ್ಟೋ ಹೊಸ ತಳಿಗಳು ಬಂದು ಹೋದರೂ ರೈತನ ಮನಸ್ಸಿನಿಂದ ಇಳಿದಿಲ್ಲ. ಇದಕ್ಕೆ ಕಾರಣವೂ ಉಂಟು. ಕಾಳು ಮನುಷ್ಯನಿಗೆ, ಕಣಿಕೆಯು ಎತ್ತಿಗೆ. ಒಂದೇ ಬೆಳೆಯು ಮನೆಯನ್ನೂ ಕೊಟ್ಟಿಗೆಯನ್ನೂ ಸಾಕಬೇಕು.

ಜೋಳದ ಹಿಟ್ಟಿಗೆ ಗೋದಿಯಂತೆ ಜಿಗುಟಿಲ್ಲ. ಆದ್ದರಿಂದ ಕುದಿನೀರು ಹೊಯ್ದು, ಕೊಣಮಿಗೆಯಲ್ಲಿ ಚೆನ್ನಾಗಿ ನಾದಿ, ಎರಡೂ ಕೈಗಳಿಂದ ತಟ್ಟಿ ತಟ್ಟಿ ಹಿಗ್ಗಿಸಬೇಕು. ಲಟ್ಟಣಿಗೆಯಿಂದ ಒರಸಿದರೆ ಹಳಬರಿಗೆ ಮನಸ್ಸಾಗದು. ಹಂಚಿನ ಮೇಲೆ ಹಾಕಿದ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರಿ, ತಿರುವಿ ಹಾಕಿ, ಕೆಂಡದ ಬದಿಗೆ ನಿಲ್ಲಿಸಿದರೆ ಅದು ಉಬ್ಬುವದು. ಬಿಸಿರೊಟ್ಟಿಯ ಜೊತೆಗೆ ಬದನೆಯ ಎಣ್ಣೆಗಾಯಿ, ಪುಂಡಿಯ ಪಲ್ಯ, ಮಡಕಿಕಾಳು, ಜುಣಕ, ಹಸಿ ಉಳ್ಳಾಗಡ್ಡಿ, ಮೆಂತ್ಯದ ಸೊಪ್ಪು, ಶೇಂಗಾ ಅಗಸಿ ಗುರೆಳ್ಳುಗಳ ಹಿಂಡಿ, ಮೇಲೆ ಗಟ್ಟಿ ಮೊಸರು. ಊರಿನ ಖಾನಾವಳಿಗಳಲ್ಲಿ ಬಡವ ಬಲ್ಲಿದರು ಒಂದೇ ಸಾಲಿನಲ್ಲಿ ಕುಳಿತು ಉಣ್ಣುವದು ಇದನ್ನೇ. ಅದೇ ರೊಟ್ಟಿಯನ್ನು ಒಣಗಿಸಿ ಕಟಿಯಾಗಿಸಿದರೆ ವಾರಗಟ್ಟಲೆ ಕೆಡದು. ಪಯಣಿಗನ ಬುತ್ತಿಗೂ, ಜಾತ್ರೆಯ ದಾಸೋಹಕ್ಕೂ ಅದೇ ಆಧಾರವು. ಉತ್ತರ ಕರ್ನಾಟಕದ ಮಠಗಳ ಜಾತ್ರೆಗಳಿಗೆ ಭಕ್ತರ ಮನೆಮನೆಗಳಿಂದ ರೊಟ್ಟಿಯ ಗಂಟುಗಳು ಬಂದು ರಾಶಿಯಾಗುವದನ್ನು ಇಲ್ಲಿ ನೆರೆದವರೆಲ್ಲರೂ ಕಂಡಿದ್ದಾರೆ. ಆ ರಾಶಿಯಲ್ಲಿ ಯಾರ ಮನೆಯ ರೊಟ್ಟಿ ಯಾವುದೆಂದು ಗುರುತಿಸಲು ಬಾರದು. ಅದೇ ಅದರ ಹಿರಿಮೆಯು.

ಹಬ್ಬಗಳೂ ಈ ಬೆಳೆಯೊಡನೆಯೇ ಹೊಂದಿಕೊಂಡಿವೆ. ಎಳ್ಳಮವಾಸೆಯ ದಿನ ರೈತನು ಕುಟುಂಬದೊಡನೆ ಗಾಡಿ ಹೂಡಿ ಹೊಲಕ್ಕೆ ಹೋಗಿ ಭೂತಾಯಿಗೆ ಚರಗ ಚೆಲ್ಲುವನು. ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ, ತರತರದ ಪಲ್ಯಗಳನ್ನು ಮೊದಲು ಬೆಳೆಗೆ ಅರ್ಪಿಸಿ ಆಮೇಲೆ ತಾನು ಉಣ್ಣುವನು. ತೆನೆಯು ಇನ್ನೂ ಹಾಲುಗಾಳಾಗಿರುವಾಗ ಸುಟ್ಟು ತಿಕ್ಕಿ ತೆಗೆದ ಸೀತನಿಯ ರುಚಿಯನ್ನು ಹೊಲದ ಬದುವಿನ ಮೇಲೆಯೇ ನೋಡಬೇಕು. ಮಕರಸಂಕ್ರಮಣಕ್ಕೆ ನಗರದೊಡೆಯನಾದ ಶ್ರೀ ಸಿದ್ಧೇಶ್ವರನ ಜಾತ್ರೆ. ಸೊನ್ನಲಾಪುರದ ಸಿದ್ಧರಾಮ ಶಿವಯೋಗಿಯ ಸ್ಮರಣೆಯು ಆ ಜಾತ್ರೆಯಲ್ಲಿ ತುಂಬಿದೆ. ನಂದಿಧ್ವಜಗಳ ಮೆರವಣಿಗೆಯು ಬೀದಿಗಳಲ್ಲಿ ನಡೆಯುವದು. ಎಳ್ಳುಬೆಲ್ಲವು ಕೈಯಿಂದ ಕೈಗೆ ಹೋಗುವದು. ಅದರೊಡನೆ ಕೂಡುವ ದನಗಳ ಜಾತ್ರೆಗೆ ದೂರದೂರದ ರೈತರು ಎತ್ತುಗಳನ್ನು ತರುವರು. ಕೆರೆ ಕಟ್ಟಿ ಲೋಕೋಪಕಾರ ಮಾಡಿದ ಸಿದ್ಧರಾಮನ ಹೆಸರು, ನೀರಿಗಾಗಿ ಇಷ್ಟು ಹೆಣಗಿದ ಈ ಊರಿನಲ್ಲಿ ಇಷ್ಟು ಆಳವಾಗಿ ಬೇರೂರಿದ್ದು ಯೋಗ್ಯವೇ ಆಗಿದೆ.

ಆದರೆ ಅನ್ನದ ಕಥೆಯು ಬರಿಯ ಸಮೃದ್ಧಿಯ ಕಥೆಯಲ್ಲ. ೧೮೭೬ರಲ್ಲಿ ಮುಂಗಾರು ಹಿಂಗಾರು ಎರಡೂ ಕೈಕೊಟ್ಟವು. ಮುಂದೆ ಎರಡು ವರ್ಷ ನಡೆದ ಆ ಬರದಲ್ಲಿ ಈ ಜಿಲ್ಲೆಯು ಕಂಡ ಕಷ್ಟವು ಅಷ್ಟಿಷ್ಟಲ್ಲ. ೧೮೭೨ರ ಮತ್ತು ೧೮೮೧ರ ಜನಗಣತಿಗಳನ್ನು ಹೋಲಿಸಿ ನೋಡಿದರೆ ಜಿಲ್ಲೆಯ ಜನಸಂಖ್ಯೆಯಲ್ಲಿ ಸುಮಾರು ಐದನೆಯ ಒಂದು ಪಾಲು ಕಡಿಮೆಯಾದದ್ದು ತಿಳಿಯುವದು. ಅವರಲ್ಲಿ ಸತ್ತವರೂ ಉಂಟು, ಊರು ಬಿಟ್ಟು ದೇಶಾಂತರ ಹೋದವರೂ ಉಂಟು. ಜೋಳವನ್ನು ನೆಲದೊಳಗಿನ ಹಗೇವುಗಳಲ್ಲಿ ವರ್ಷಗಟ್ಟಲೆ ಕೆಡದಂತೆ ಇಡುವ ವಿದ್ಯೆಯನ್ನು ಇಲ್ಲಿಯ ಜನರು ಬಲ್ಲರು. ಆದರೆ ಹಗೇವು ತುಂಬಿಕೊಳ್ಳುವ ಶಕ್ತಿಯು ಉಳ್ಳವರಿಗೆ ಮಾತ್ರ ಇತ್ತು. ಆ ಹೊತ್ತಿನಲ್ಲಿ ಹಳೆಯ ರಾಜಧಾನಿಯ ಗುಮ್ಮಟಗಳು ಯಾರ ಹಸಿವನ್ನೂ ನೀಗಲಿಲ್ಲ. ೧೮೮೪ರ ಸುಮಾರಿಗೆ ಉಗಿಬಂಡಿಯು ಬಂದಿತು. ೧೮೮೫ರಲ್ಲಿ ಜಿಲ್ಲೆಯ ಕಚೇರಿಯು ಕಲಾದಗಿಯಿಂದ ಇಲ್ಲಿಗೆ ಬಂದು ಹಳೆಯ ಮಹಲುಗಳಲ್ಲಿ ನೆಲೆಸಿತು. ಹಾಳುಬಿದ್ದ ಊರಿಗೆ ಮತ್ತೆ ಜನರ ಸಂಚಾರವಾಯಿತು. ೨೦೧೧ರ ಗಣತಿಯ ಹೊತ್ತಿಗೆ ನಗರದ ಜನಸಂಖ್ಯೆಯು ಮೂರು ಲಕ್ಷವನ್ನು ಮೀರಿತ್ತು. ೨೦೧೪ರ ನವೆಂಬರ ೧ರಂದು ಬಿಜಾಪುರವೆಂಬ ಹೆಸರು ಸರಕಾರಿ ಕಾಗದಗಳಲ್ಲಿಯೂ ಮರಳಿ ವಿಜಯಪುರವಾಯಿತು.

ಕೊನೆಗೆ ಅಕ್ಷರ. ಈ ಸೀಮೆಯ ಅಕ್ಷರದ ಪರಂಪರೆಯು ಬಹು ಹಳೆಯದು. ಮಸೀದಿಯ ಬಡಿಗನ ಊರಾದ ಸಾಲೋಟಗಿಯಲ್ಲಿ ಕ್ರಿ. ಶ. ೯೪೫ರ ರಾಷ್ಟ್ರಕೂಟರ ಶಾಸನವೊಂದುಂಟು. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗೆ ಅಲ್ಲಿ ವಸತಿಯ ಸೌಕರ್ಯವಿದ್ದ ದೊಡ್ಡ ವಿದ್ಯಾಶಾಲೆಯಿತ್ತೆಂಬುದು ಅದರಿಂದ ತಿಳಿಯುವದು. ನೀರಿನ ಮೂಲವಾದ ತೊರವಿಯು ಕನ್ನಡದ ತೊರವೆ ರಾಮಾಯಣಕ್ಕೂ ಮೂಲವು. ಕುಮಾರವಾಲ್ಮೀಕಿಯೆನಿಸಿಕೊಂಡ ಕವಿಯು ಅಲ್ಲಿಯ ನರಸಿಂಹನ ಭಕ್ತನು. ಅದೇ ತೊರವಿಯ ಬಳಿಯಲ್ಲಿ ಎರಡನೆಯ ಇಬ್ರಾಹಿಮನು ೧೫೯೯ರಲ್ಲಿ ನವರಸಪುರವೆಂಬ ಸಂಗೀತದ ನಗರಿಯನ್ನು ಕಟ್ಟಲು ತೊಡಗಿದನು. ದಖನೀ ಭಾಷೆಯಲ್ಲಿ ಅವನು ರಚಿಸಿದ ಕಿತಾಬ-ಇ-ನವರಸದಲ್ಲಿ ಸರಸ್ವತಿಯ ಸ್ತುತಿಯೂ, ಗಣಪತಿಯ ಸ್ತುತಿಯೂ, ಕಲಬುರ್ಗಿಯ ಬಂದೇನವಾಜರ ಸ್ತುತಿಯೂ ಒಟ್ಟಿಗೆ ಇವೆ. ಜನರು ಅವನನ್ನು ಜಗದ್ಗುರು ಬಾದಶಹನೆಂದು ಕರೆದರು. ೧೬೨೪ರಲ್ಲಿ ಮಲಿಕ ಅಂಬರನ ದಂಡು ಆ ನವರಸಪುರವನ್ನು ಹಾಳುಗೆಡವಿತು; ಹಾಡುಗಳು ಮಾತ್ರ ಉಳಿದವು.

ಅರಸನ ಹಾಡಿಗಿಂತಲೂ ಮನಸ್ಸಿಗೆ ಹತ್ತುವದು ಬೀಸುಕಲ್ಲಿನ ಹಾಡು. ವಿಜಯಪುರದ ಸೂಫಿ ಸಂತರು ಹದಿನೇಳನೆಯ ಶತಮಾನದಲ್ಲಿ ಚಕ್ಕಿನಾಮಾ ಎಂಬ ದಖನೀ ಪದಗಳನ್ನು ಕಟ್ಟಿದರು. ನಸುಕಿನಲ್ಲಿ ಹಿಟ್ಟು ಬೀಸುವ ಹೆಣ್ಣುಮಕ್ಕಳು ಹಾಡಿಕೊಳ್ಳಲೆಂದು ಕಟ್ಟಿದ ಪದಗಳವು. ಬೀಸುಕಲ್ಲಿನ ಗೂಟವು ಅರಬ್ಬಿಯ ಮೊದಲನೆಯ ಅಕ್ಷರವಾದ ಅಲಿಫಿನಂತೆ ನೆಟ್ಟಗೆ ನಿಂತಿರುವದನ್ನು ತೋರಿಸಿ ದೇವನೊಬ್ಬನೇ ಎಂಬುದನ್ನು ಕಲಿಸಿದರು. ಪಕ್ಕದ ಓಣಿಯಲ್ಲಿ ಅದೇ ಹೊತ್ತಿಗೆ, ಅಂಥದೇ ಕಲ್ಲಿನ ಮುಂದೆ, ಕನ್ನಡದ ತಾಯಂದಿರು ಶಿವನನ್ನು ನೆನೆದು ತಮ್ಮ ಬೀಸುವ ಪದಗಳನ್ನು ಹಾಡುತ್ತಿದ್ದರು. ಬೀಳುತ್ತಿದ್ದ ಹಿಟ್ಟು ಎರಡೂ ಕಡೆಗೆ ಜೋಳದ್ದೇ. ಕಾಯಕವೂ ಅನುಭಾವವೂ ಒಂದಾಗಬಲ್ಲವೆಂಬುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನವು ಸಿಕ್ಕಲಾರದು.

ಈ ಪರಂಪರೆಯಲ್ಲಿಯೇ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಈ ಊರಿಗೆ ಬಂದವರು ರಾವಬಹಾದ್ದೂರ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ೧೮೮೦ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ೧೯೦೪ರಲ್ಲಿ ವಿಜಯಪುರಕ್ಕೆ ವಕೀಲರಾಗಿ ಬಂದರು. ವಕೀಲಿಯು ಹೊಟ್ಟೆಗೆ, ಜೀವವು ಬೇರೆ ಕಡೆಗಿತ್ತು. ಮಠಗಳಲ್ಲಿಯೂ ಮನೆಗಳ ಅಟ್ಟಗಳಲ್ಲಿಯೂ ತಾಡವೋಲೆಯ ಕಟ್ಟುಗಳು ಅರಿವೆಯಲ್ಲಿ ಸುತ್ತಿದಂತೆಯೇ ಇದ್ದವು. ಅವುಗಳಿಗೆ ಹೂವೇರಿಸಿ ಕೈಮುಗಿಯುವವರಿದ್ದರು, ಬಿಚ್ಚಿ ಓದುವವರು ವಿರಳ. ಹುಳುಗಳು ಮಾತ್ರ ಪ್ರತಿದಿನ ಪಾರಾಯಣ ಮಾಡುತ್ತಿದ್ದವು. ಹಳಕಟ್ಟಿಯವರು ಹಳ್ಳಿಹಳ್ಳಿಗಳನ್ನು ತಿರುಗಿ ಆ ಕಟ್ಟುಗಳನ್ನು ಕೂಡಿಸಿದರು, ಪ್ರತಿಮಾಡಿದರು, ಪಾಠಗಳನ್ನು ಹೋಲಿಸಿದರು. ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವು ಹೊರಬಂದಿತು. ಅನ್ಯರ ಮುದ್ರಣಾಲಯವನ್ನು ನಂಬಿದರೆ ಕೆಲಸವು ಸಾಗದೆಂದು ಕಂಡು, ತಮ್ಮ ಸ್ವಂತ ಮನೆಯನ್ನೇ ಮಾರಿ, ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ೧೯೨೬ರಲ್ಲಿ ಶಿವಾನುಭವ ಪತ್ರಿಕೆಯೂ, ೧೯೨೭ರಲ್ಲಿ ನವಕರ್ನಾಟಕ ವಾರಪತ್ರಿಕೆಯೂ ಆರಂಭವಾದವು.

ಅವರ ಕಾರ್ಯವು ಓಲೆಗರಿಗಳಿಗೆ ಮಾತ್ರ ಮುಗಿಯಲಿಲ್ಲವೆಂಬುದನ್ನು ವಿಶೇಷವಾಗಿ ಗಮನಿಸಬೇಕು. ೧೯೧೦ರಲ್ಲಿ ಬಿ. ಎಲ್. ಡಿ. ಇ. ಸಂಸ್ಥೆಯ ಸ್ಥಾಪನೆಯಲ್ಲಿಯೂ, ೧೯೧೨ರಲ್ಲಿ ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆಯಲ್ಲಿಯೂ ಅವರು ಮುಂದಾಳಾಗಿದ್ದರು. ಬರಗಾಲದ ಜಿಲ್ಲೆಯಲ್ಲಿ ರೈತನು ಸಾಲಗಾರನ ಬಾಗಿಲಿಗೆ ಹೋಗುವದು ತಪ್ಪಬೇಕು, ಅವನ ಮಗನು ಶಾಲೆಗೆ ಹೋಗಬೇಕು, ಅವನ ಮನೆಯ ಅಟ್ಟದಲ್ಲಿದ್ದ ವಚನವು ಅವನ ಕೈಗೆ ಮರಳಿ ಬರಬೇಕು. ಈ ಮೂರನ್ನೂ ಅವರು ಒಂದೇ ಕೆಲಸವೆಂದು ಬಗೆದರು. ೧೯೬೪ರಲ್ಲಿ ಅವರು ಲಿಂಗೈಕ್ಯರಾದಾಗ ಅವರ ಹಿಂದೆ ಉಳಿದ ಧನವು ಅಲ್ಪ. ಉಳಿದ ಗ್ರಂಥರಾಶಿಯು ಅಪಾರ. ಅರಸನೊಬ್ಬನು ತನ್ನ ಸಮಾಧಿಗೆ ಕಟ್ಟಿದ ಮನೆಯಿಂದ ಈ ಊರು ಜಗತ್ಪ್ರಸಿದ್ಧವಾಯಿತು. ವಕೀಲನೊಬ್ಬನು ಮಾರಿಬಿಟ್ಟ ಮನೆಯಿಂದ ಕನ್ನಡಿಗರಿಗೆ ವಚನಸಾಹಿತ್ಯವು ಸಿಕ್ಕಿತು. ಮುಂದೆ ಇದೇ ನಗರದ ಜ್ಞಾನಯೋಗಾಶ್ರಮದಲ್ಲಿ ಶ್ರೀ ಸಿದ್ಧೇಶ್ವರ ಸ್ವಾಮಿಗಳು ದಶಕಗಳ ಕಾಲ ಸರಳವಾದ ಕನ್ನಡದಲ್ಲಿ ಪ್ರವಚನ ಮಾಡಿದರು. ೨೦೨೩ರ ಜನವರಿ ೨ರಂದು ಅವರು ದೇಹವಿಟ್ಟಾಗ ಲಕ್ಷಾಂತರ ಜನರು ಮೌನವಾಗಿ ಬಂದು ದರ್ಶನ ಪಡೆದರು.

ಶರಣಬಂಧುಗಳೇ, ಈಗ ಇವೆಲ್ಲವನ್ನೂ ಕೂಡಿಸಿ ನೋಡಬೇಕು. ತೊರವಿಯ ಸುರಂಗವೂ ಅಟ್ಟದ ಓಲೆಗರಿಯೂ ಒಂದೇ ಬಗೆಯ ಆಸ್ತಿಗಳು. ಎರಡೂ ಕಣ್ಣಿಗೆ ಬೀಳುವಂಥವಲ್ಲ. ಎರಡನ್ನೂ ವೈರಿಗಳಿಗಿಂತ ಹೆಚ್ಚಾಗಿ ಮರವೆಯೇ ಕೆಡಿಸಿತು. ಎರಡೂ ಉಳಿಯಬೇಕಾದರೆ ಒಬ್ಬನು ಇಳಿದು ಹೂಳು ತೆಗೆಯಬೇಕು. ಓಲೆಗರಿಗೆ ಅಂಥ ಒಬ್ಬನು ಸಿಕ್ಕನು. ನೀರಿನ ಕಡೆಗೆ ಜನರ ಲಕ್ಷ್ಯವು ತಿರುಗಿದ್ದು ತೀರ ಈಚೆಗೆ. ಎಷ್ಟೋ ದಶಕಗಳ ಕಾಲ ಕಸ ಚೆಲ್ಲುವ ತಾಣಗಳಾಗಿದ್ದ ತಾಜ ಬಾವಡಿ ಮೊದಲಾದ ಹಳೆಯ ಬಾವಡಿಗಳ ಹೂಳನ್ನು ೨೦೧೦ರ ದಶಕದಲ್ಲಿ ತೆಗೆದಾಗ ಕೆಳಗಿನ ಸೆಲೆಯು ಮತ್ತೆ ಜಿನುಗಿತು. ನಾಲ್ಕುನೂರು ವರ್ಷದ ಬಾವಿಯು ಸತ್ತಿರಲಿಲ್ಲ; ಉಸಿರು ಕಟ್ಟಿತ್ತು, ಅಷ್ಟೇ.

ಆದರೆ ಅಪಾಯವು ತೀರಿಲ್ಲ. ಕೃಷ್ಣೆಯ ನೀರು ಕೊಳವೆಗಳಲ್ಲಿ ಮನೆಬಾಗಿಲಿಗೆ ಬರುವ ಈ ಕಾಲದಲ್ಲಿ ಬಾವಿಯನ್ನು ಯಾರು ನೆನೆಯುವರು? ಊರು ಬೆಳೆದಂತೆ ಸುರಂಗದ ಕಂಡಿಗಳ ಮೇಲೆ ಮನೆಗಳು ಏಳುತ್ತಿವೆ. ಕೊಳವೆಬಾವಿಯು ವರ್ಷ ವರ್ಷ ಇನ್ನೂ ಆಳಕ್ಕೆ ಹೋಗುತ್ತಿದೆ. ಕಬ್ಬು, ದ್ರಾಕ್ಷಿಗಳು ರೈತನಿಗೆ ಹಣವನ್ನು ತಂದದ್ದು ನಿಜ, ಅದು ಬೇಡವೆನ್ನಲು ಯಾರಿಗೂ ಅಧಿಕಾರವಿಲ್ಲ. ಆದರೆ ನೀರನ್ನು ಬೇಡದೆ 'ಬರಲಿ ಬರ' ಎಂದು ನಿಲ್ಲುವ ಜೋಳದ ಹೊಲವು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ. ಬೀಸುಕಲ್ಲು ಮೂಲೆ ಸೇರಿತು. ಅದರೊಡನೆ ಪದಗಳೂ ಹೋಗುತ್ತಿವೆ. ಹಾಡಬಲ್ಲ ಅಜ್ಜಿಯರು ಇನ್ನು ಎಷ್ಟು ವರ್ಷ ಇದ್ದಾರು?

ಆಶೆಗೂ ಆಸ್ಪದವುಂಟು. ನೀರು ಹುಟ್ಟಿದ, ರಾಮಾಯಣವು ಹುಟ್ಟಿದ, ನವರಸಪುರವು ಎದ್ದು ಅಳಿದ ಅದೇ ತೊರವಿಯ ಬಳಿಯಲ್ಲಿ ೨೦೦೩ರಲ್ಲಿ ಸ್ಥಾಪಿತವಾದ ಮಹಿಳಾ ವಿಶ್ವವಿದ್ಯಾಲಯವು ಈಗ ಅಕ್ಕಮಹಾದೇವಿಯ ಹೆಸರಿನಿಂದ ನಡೆದಿದೆ. ಯಾರ ಅಜ್ಜಿಯರು ನಸುಕಿನಲ್ಲಿ ಜೋಳ ಬೀಸಿ, ಕೊಡ ಹೊತ್ತು ನೀರು ತಂದರೋ ಅವರ ಮೊಮ್ಮಕ್ಕಳು ಅಲ್ಲಿ ಓದುತ್ತಿದ್ದಾರೆ. ಈ ಮೂರರ ಋಣವನ್ನು ಅರಿತು ಕಾಯಬಲ್ಲವರು ಅವರೇ.

ಆದುದರಿಂದ ವಿಜಯಪುರಕ್ಕೆ ಹೋಗುವ ಸದ್ಭಕ್ತರು ಗುಮ್ಮಟವನ್ನು ಅವಶ್ಯವಾಗಿ ನೋಡಲಿ. ಅನಂತರ ಮಕ್ಕಾ ದರವಾಜೆಯವರೆಗೆ ನಡೆದು ತಾಜ ಬಾವಡಿಯ ಮೆಟ್ಟಿಲುಗಳ ಮೇಲೆ ಒಂದು ಗಳಿಗೆ ನಿಲ್ಲಲಿ. ಖಾನಾವಳಿಯಲ್ಲಿ ಕುಳಿತು ಬಿಸಿರೊಟ್ಟಿಯನ್ನು ಉಣ್ಣಲಿ. ಶ್ರೀ ಸಿದ್ಧೇಶ್ವರನ ದರ್ಶನವನ್ನು ಪಡೆದು ಹಳಕಟ್ಟಿಯವರ ಹೆಸರನ್ನು ನೆನೆಯಲಿ. ಆ ಬಳಿಕ ತಮ್ಮ ಊರಿಗೆ ಮರಳಿ, ಊರ ಮುಂದಿನ ಹಳೆಯ ಬಾವಿಯಲ್ಲಿ ಎಷ್ಟು ಹೂಳಿದೆಯೆಂದು ಇಣಿಕಿ ನೋಡಲಿ. ಅಟ್ಟದ ಮೇಲೆ ಅರಿವೆಯಲ್ಲಿ ಸುತ್ತಿಟ್ಟ ಕಟ್ಟಿದ್ದರೆ ಓದಬಲ್ಲವರ ಕೈಗೆ ಕೊಡಲಿ. ಮನೆಯ ಹಿರಿಯ ತಾಯಿಯ ಬಾಯಿಂದ ಒಂದು ಪದವನ್ನಾದರೂ ಬರೆದುಕೊಳ್ಳಲಿ. ಇಂಥ ಮಹೋತ್ಸವದ ನೆನಪಿಗೆ ಇದಕ್ಕಿಂತ ಹೆಚ್ಚಿನ ಕಾಣಿಕೆಯು ಬೇಕಾಗಿಲ್ಲ.